ಇಪ್ಪತ್ತೇಳು ಅಡಿ

ನಲವತ್ತರ ಹತ್ತಿರದ ಹೆಂಗಸೊಬ್ಬಳು ಬಟ್ಟೆಯ ಚೀಲವನ್ನು ಹಲಗೆಯ ತೂತಿನೊಳಗೆ ಎಸೆಯಲು ಕಲಿತಳು ಎಂದರೆ ನಮ್ಮ ಆಲ್ದೂರಿನ ಕಡೆ ಮೊದಲು ಕೇಳುವ ಪ್ರಶ್ನೆ, ಅವಳಿಗೆ ಮನೆಯಲ್ಲಿ ಬೇರೆ ಕೆಲಸ ಇರಲಿಲ್ಲವಾ ಅಂತ. ಇತ್ತು, ಬೇಕಾದಷ್ಟಿತ್ತು. ಕಲಿಯಬೇಕು ಅಂತ ಕಲಿತದ್ದಲ್ಲ ಅದು. ಯಾರೋ ಕೈ ಹಿಡಿದು ಎಳೆದರು, ಬೇಡ ಅನ್ನುವಷ್ಟು ಉಮೇದೂ ನನ್ನಲ್ಲಿ ಇರಲಿಲ್ಲ, ಹೋದೆ. ಆ ಕಾಲದಲ್ಲಿ ಹೆಚ್ಚಿನ ಕೆಲಸಗಳನ್ನು ನಾನು ಮಾಡುತ್ತಿದ್ದದ್ದೇ ಹಾಗೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷ ಆಗಿತ್ತು. ಸುತ್ತಮುತ್ತಲ ತೋಟದವರು ಒಬ್ಬೊಬ್ಬರಾಗಿ ಹೋಮ್‌ಸ್ಟೇ ಬೋರ್ಡು ಹಾಕುತ್ತಿದ್ದರು. ನನ್ನ ಗಂಡನೂ ಮನೆಯ ಬಲಗಡೆಯ ಎರಡು ಕೋಣೆಗಳಿಗೆ ಬಣ್ಣ ಹೊಡೆಸಿ, ಬಿಸಿನೀರಿನ ನಲ್ಲಿ ಹಾಕಿಸಿ, ಬೋರ್ಡು ಬರೆಸಿದರು. ನನ್ನನ್ನು ಕೇಳಿದರು. ನಾನು ಆಯ್ತು ಅಂದೆ. ಬಂದವರು ಕಾರಿನಿಂದ ಇಳಿಯುವ ಮೊದಲೇ ಮೊಬೈಲು ಎತ್ತಿ ಹಿಡಿದು ಸಿಗ್ನಲ್ಲು ಹುಡುಕುತ್ತಿದ್ದರು. ಕಡುಬು ಬಡಿಸಿದರೆ, ಇದು ಯಾಕೆ ಇಡ್ಲಿಯ ಹಾಗೆ ಚಪ್ಪಟೆ ಇಲ್ಲ ಎಂದು ಕೇಳುತ್ತಿದ್ದರು. ಹಿಂದಿನ ನಾನಾಗಿದ್ದರೆ ಅಡುಗೆಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ನಗುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಇನ್ನೊಂದು ಕಡುಬು ಹಾಕಿ ಬರುತ್ತಿದ್ದೆ.

ನಮಗೆ ಒಬ್ಬಳೇ ಮಗಳು. ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರಿನಲ್ಲಿ, ಆರನೇ ವರ್ಷಕ್ಕೆ, ಜ್ವರ ಬಂದು ಹೋದಳು. ಜ್ವರದ ಮೂರನೆಯ ದಿನ ಮಧ್ಯಾಹ್ನ ನಾನು ಪಲ್ಪರ್ ಮನೆಗೆ ಹೋಗಿ, ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗೋಣವಾ ಎಂದು ಗಂಡನನ್ನು ಕೇಳಿದೆ. ಕುಯ್ಲಿನ ಕಾಲ. ಕುಯ್ದ ಕಾಫಿ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು, ಮರುದಿನಕ್ಕೆ ಇಟ್ಟರೆ ಹುಳಿ ಹಿಡಿದು ಕೆಡುತ್ತದೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ ಇದು. ಅವರ ಹಿಂದೆ ಆ ದಿನದ ಹಣ್ಣು ಗುಡ್ಡೆ ಬಿದ್ದಿತ್ತು. "ನಾಳೆ ಬೆಳಗ್ಗೆ ಹೊರಡಣ," ಅಂದರು. ನಾನು ಹಣ್ಣಿನ ಗುಡ್ಡೆ ನೋಡಿದೆ. "ಆಯ್ತು," ಅಂದೆ. ಬೆಳಗ್ಗೆ ಹೊರಟೆವು. ವಸ್ತಾರೆ ದಾಟುವ ಹೊತ್ತಿಗೆ ಅವಳು ನಾನು ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ, ನಿನ್ನೆಯೇ ತಂದಿದ್ದರೆ ನೋಡಬಹುದಿತ್ತು ಅಂದರು.

ಅವರು ನಾಳೆ ಅಂದದ್ದಕ್ಕೆ ನನಗೆ ಅವರ ಮೇಲೆ ಸಿಟ್ಟಿತ್ತು ಎಂದರೆ ಅರ್ಧ ಮಾತು ಹೇಳಿದ ಹಾಗೆ. ನನಗೆ ನನ್ನ "ಆಯ್ತು" ಹೆಚ್ಚು ಜೋರಾಗಿ ಕೇಳುತ್ತಿತ್ತು. ಹೆತ್ತವಳು ಹಟ ಮಾಡಬೇಕಿತ್ತು, ಪಲ್ಪರ್ ಮನೆಯಲ್ಲೇ ರಂಪ ಮಾಡಬೇಕಿತ್ತು, ಮಗುವನ್ನು ಹೊತ್ತುಕೊಂಡು ಆಲ್ದೂರಿಗೆ ನಡೆದು ಬಸ್ಸು ಹತ್ತಬೇಕಿತ್ತು. ನಾನು ತಲೆಯಾಡಿಸಿ ಬಂದು ಗಂಜಿ ಬೇಯಿಸಿದೆ. ಅವರು ಆಮೇಲೆ ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡದೆ ಇರುವುದೆಂದರೆ ನನ್ನ ಆ ಮಾತನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಎಂದು ನಾನು ತಿಳಿದೆ. ಕೇಳಲಿಲ್ಲ. ನಮ್ಮ ನಡುವೆ ಜಗಳ ಇರಲಿಲ್ಲ. ಊಟಕ್ಕೆ ಬನ್ನಿ, ಗೊಬ್ಬರದ ಲಾರಿ ಬಂತು, ನೆಂಟರ ಮನೆ ಮದುವೆಗೆ ಹೋಗಬೇಕು, ಇಂಥ ಮಾತುಗಳು ಇದ್ದವು. ಬೇರೆ ಮಾತು ಇರಲಿಲ್ಲ.

ನಾನು ಅಳಲಿಲ್ಲ. ಹನ್ನೊಂದು ದಿನವೂ ನೆಂಟರು ನಾನು ಅಳಲಿ ಎಂದು ಕಾದರು. ಆಗ ಬದುಕಿದ್ದ ನಮ್ಮತ್ತೆ, "ಅತ್ತು ಬಿಡೇ, ಹಗುರಾಗ್ತದೆ," ಎಂದು ಬೆನ್ನು ಸವರಿದರು. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದ ಹಾಗೆ ಆಗುತ್ತದಲ್ಲ, ನನಗೆ ಮೈಯೆಲ್ಲ ಹಾಗಿತ್ತು. ತುಟಿಯ ಜೋಮು ಒಂದು ಗಂಟೆಯಲ್ಲಿ ಇಳಿಯುತ್ತದೆ. ನನ್ನದು ಇಳಿಯಲಿಲ್ಲ.

ಮನೆಯ ಮುಂದೆ ಒಂದು ಲಾನು. ಮಗಳನ್ನು ಆಸ್ಪತ್ರೆಯಿಂದ ತಂದು ಮಲಗಿಸಿದ್ದು ಅದರ ಮೇಲೆ. ಆಮೇಲೆ ನಾವಿಬ್ಬರೂ ಅಲ್ಲಿ ಕಾಲಿಡಲಿಲ್ಲ. ಹೀಗೆಂದು ಮಾತಾಡಿಕೊಂಡದ್ದಲ್ಲ, ಇಡಲಿಲ್ಲ ಅಷ್ಟೆ. ತೋಟದ ಆಳು ಹುಲ್ಲು ಕತ್ತರಿಸಿ ಹೋಗುತ್ತಿದ್ದ. ನಾವು ಗೇಟಿಗೆ ಹೋಗುವುದಿದ್ದರೆ ಕಾಫಿ ಒಣಗಿಸುವ ಕಣದ ಬದಿಯಿಂದ ಸುತ್ತಿ ಹೋಗುತ್ತಿದ್ದೆವು.

ಅವಳು ಹೋಗಿ ಆರು ವರ್ಷವಾದ ಮೇಲೆ, ಒಂದು ಫೆಬ್ರವರಿಯಲ್ಲಿ, ಅಮೆರಿಕದ ದಂಪತಿ ಬಂದರು. ಇಬ್ಬರಿಗೂ ಎಪ್ಪತ್ತರ ಹತ್ತಿರ. ನಾವು ಅವರನ್ನು ಅಜ್ಜ, ಅಜ್ಜಿ ಎಂದೇ ಕರೆದೆವು. ಎರಡು ದಿನಕ್ಕೆಂದು ಬಂದವರಿಗೆ ಅಕ್ಕಿರೊಟ್ಟಿ ಹಿಡಿಸಿತೋ, ನಮ್ಮ ಮೌನ ಹಿಡಿಸಿತೋ, ಒಂಬತ್ತು ದಿನ ಉಳಿದರು. ಅಜ್ಜ ತನ್ನ ಊರಿನಲ್ಲಿ ಬಡಗಿಯಾಗಿದ್ದವನು. ಸುಮ್ಮನೆ ಕೂರುವ ಜಾತಿಯಲ್ಲ. ಮೂರನೆಯ ದಿನ ಬೆಳಗ್ಗೆ ಇಬ್ಬರೂ ಕಾಫಿ ಲೋಟ ಹಿಡಿದುಕೊಂಡು ಸೀದಾ ಲಾನಿಗೆ ಇಳಿದರು. ಅಜ್ಜ ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸಿದ. ಇಲ್ಲಿ ಒಂದು ಆಟ ಆಡಬಹುದು, ಎರಡು ಹಲಗೆ ಬೇಕು, ಎಂಟು ಚೀಲ ಬೇಕು ಅಂದ.

ನಾನು ಜಗಲಿಯಲ್ಲಿ ನಿಂತಿದ್ದೆ. ನನ್ನ ಗಂಡ ಮೆಟ್ಟಿಲ ಮೇಲೆ. ಅಲ್ಲಿ ಬೇಡ ಎಂದು ಅವರು ಹೇಳುತ್ತಾರೆ ಅಂದುಕೊಂಡೆ. ಅವರೂ ನಾನು ಹೇಳುತ್ತೇನೆ ಅಂದುಕೊಂಡಿರಬೇಕು. ಕೊನೆಗೆ ಅವರು ಆಚಾರಿಯನ್ನು ಕರೆಯಲು ಹೋದರು.

ಆಚಾರಿ ಸಿಲ್ವರ್ ಓಕಿನ ಹಲಗೆ ಕೂಡಿಸಿ, ನಾಲ್ಕಡಿ ಉದ್ದ ಎರಡಡಿ ಅಗಲದ ಎರಡು ಬೋರ್ಡು ಮಾಡಿದ. ಹಿಂದಿನ ತುದಿಗೆ ಒಂದಡಿಯ ಕಾಲು, ಮುಂದಿನ ತುದಿ ನೆಲಕ್ಕೆ. ಮೇಲ್ತುದಿಯ ಹತ್ತಿರ ಒಂದು ತೂತು, ಅಡುಗೆಮನೆಯ ಸಣ್ಣ ತಟ್ಟೆಯಷ್ಟು ದೊಡ್ಡದು. ಅಜ್ಜನೂ ಆಚಾರಿಯೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದೆ ದಿನವಿಡೀ ಚೆನ್ನಾಗಿ ಮಾತಾಡಿಕೊಂಡರು. ಒಂದೇ ಭಾಷೆಯ ನಾವಿಬ್ಬರು ಅದನ್ನು ನೋಡುತ್ತ ಇದ್ದೆವು.

ಚೀಲ ನನ್ನ ಪಾಲಿಗೆ ಬಂತು. ನಾಲ್ಕು ಕೆಂಪು, ನಾಲ್ಕು ನೀಲಿ. ಪರದೆಯ ಬಟ್ಟೆ ಉಳಿದಿತ್ತು, ಅದು ಕೆಂಪು. ನೀಲಿಯನ್ನು ಆಲ್ದೂರಿನಿಂದ ತರಿಸಿದೆ. ಒಳಗೆ ಒಣ ಮೆಕ್ಕೆಜೋಳ ತುಂಬಬೇಕು ಅಂದಳು ಅಜ್ಜಿ. ನಮ್ಮ ಮನೆಯಲ್ಲಿ ಮೆಕ್ಕೆಜೋಳ ಎಲ್ಲಿಂದ ಬರಬೇಕು? ತೋಟದವರಿಗೆ ತುಂಬು ಅಂದರೆ ಕಾಫಿಯೇ. ಮನೆ ಖರ್ಚಿಗೆಂದು ಸಿಪ್ಪೆ ತೆಗೆಸಿ ಇಟ್ಟಿದ್ದ ಬೀಜ ಡಬ್ಬಿಯಲ್ಲಿತ್ತು, ಕೆಂಪು ಚೀಲಗಳಿಗೆ ಅದನ್ನು ತುಂಬಿದೆ. ಡಬ್ಬಿ ಖಾಲಿಯಾಯಿತು. ಕಣದ ಮೂಲೆಯಲ್ಲಿ ಚೆರಿ ಇತ್ತು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು. ನೀಲಿ ಚೀಲಗಳಿಗೆ ಅದನ್ನು ತುಂಬಿದೆ. ಎಲ್ಲದಕ್ಕೂ ಪಾವಿನಲ್ಲಿ ಅಳೆದು, ಅದರ ಬಾಯಿ ಸಮ ಸವರಿ, ಒಂದು ಕಾಳು ಹೆಚ್ಚುಕಮ್ಮಿ ಇಲ್ಲದ ಹಾಗೆ ಹಾಕಿ ಹೊಲಿದೆ. ಅಡುಗೆಮನೆಯಲ್ಲಿ ನನ್ನ ಲೆಕ್ಕವೆಲ್ಲ ಪಾವಿನದ್ದೇ.

ಅಜ್ಜ ಒಂದು ಕೈಯಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ ಹಿಡಿದು ಮೇಲೆ ಕೆಳಗೆ ಆಡಿಸಿದ. ಎರಡನ್ನೂ ನನ್ನ ಗಂಡನ ಕೈಗೆ ಕೊಟ್ಟ. ನನ್ನ ಗಂಡ ತೂಗಿ ನೋಡಿ ನನ್ನ ಕಡೆ ತಿರುಗಿದರು.

"ಎಂತ ಮಾರಾಯ್ತಿ, ಇಷ್ಟು ವರ್ಷ ತೋಟದಲ್ಲಿದ್ದು ಬೀಜಕ್ಕೂ ಚೆರಿಗೂ ತೂಕ ಬೇರೆ ಅಂತ ಗೊತ್ತಾಗ್ಲಿಲ್ವಾ ನಿಂಗೆ?"

"ಅಳತೆ ಸರಿಯಾಗೇ ಉಂಟು," ಅಂದೆ.

"ಅಳತೆ ಸರಿ ಉಂಟು. ಎಸೆಯದು ತೂಕನಲ್ವಾ?"

ಆರು ವರ್ಷದಲ್ಲಿ ಅವರು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಕೆಂಪು ಚೀಲಗಳ ಹೊಲಿಗೆ ಬಿಚ್ಚಿ ಅವಕ್ಕೂ ಚೆರಿ ತುಂಬಿದೆ, ಈ ಸಲ ತಕ್ಕಡಿಯಲ್ಲಿ ತೂಗಿ. ಬಿಚ್ಚಿ ತೆಗೆದ ಬೀಜವನ್ನು ಹುರಿದು ಪುಡಿ ಮಾಡಿಸಿ ಅವರಿಗೇ ಕಾಫಿ ಕೊಟ್ಟೆ.

ಆಟ ಕಲಿಸುವ ದಿನ ಅಜ್ಜಿ ನನ್ನ ಮಣಿಕಟ್ಟು ಹಿಡಿದು ಲಾನಿಗೆ ಇಳಿಸಿದಳು. ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟಿದ್ದೆ. ಪಾದಕ್ಕೆ ಹುಲ್ಲು ತಾಗಿತು. ಏನೋ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಹುಲ್ಲು ಸ್ವಲ್ಪ ತಣ್ಣಗಿತ್ತು.

ಎರಡು ಬೋರ್ಡುಗಳ ನಡುವೆ ಇಪ್ಪತ್ತೇಳು ಅಡಿ. ಬೋರ್ಡಿನ ಬದಿಯಲ್ಲಿ ನಿಲ್ಲಬೇಕು, ಅದರ ಮುಂದಿನ ಅಂಚನ್ನು ಕಾಲು ದಾಟಬಾರದು. ಕೈ ಮೇಲಿನಿಂದ ಬೀಸುವಂತಿಲ್ಲ, ಕೆಳಗಿನಿಂದ ತೂಗಿ ಬಿಡಬೇಕು. ಬಲಗೈಯಲ್ಲಿ ಎಸೆಯುವವರು ಎಡಗಾಲು ಮುಂದಿಡಬೇಕು. ನಾನು ಬಲಗಾಲನ್ನೇ ಇಡುತ್ತಿದ್ದೆ. ಹೊಸಿಲು ದಾಟಿ ಬಂದ ದಿನದಿಂದ ಅದೇ ಅಭ್ಯಾಸ ಎಂದು ಅಜ್ಜಿಗೆ ಹೇಗೆ ವಿವರಿಸುವುದು? ನನ್ನ ಇಂಗ್ಲಿಷು ಬಿ.ಎ. ಪಾಸಾದವಳ ಇಂಗ್ಲಿಷು, ಓದಲು ಬರುತ್ತದೆ, ಬಾಯಿಗೆ ಬರುವುದಿಲ್ಲ. ಚೀಲವನ್ನು ಮುದ್ದೆ ಮಾಡಿ ಹಿಡಿಯಬಾರದು, ನಾಲ್ಕು ಬೆರಳು ಅಡಿಗೆ, ಹೆಬ್ಬೆರಳು ಮೇಲೆ. ಬಿಡುವಾಗ ಕೈ ಸ್ವಲ್ಪ ತಿರುಗಿಸಿದರೆ ಅದು ಮಗುಚದೆ ಚಪ್ಪಟೆಯಾಗಿ ಸುತ್ತುತ್ತ ಹೋಗುತ್ತದೆ. ಚಪ್ಪಟೆಯಾಗಿ ಬಿದ್ದದ್ದು ಜಾರುತ್ತದೆ, ಮಗುಚಿ ಬಿದ್ದದ್ದು ಪುಟಿದು ಹೊರಗೆ ಹೋಗುತ್ತದೆ. ತೂತನ್ನು ನೋಡಿ ಎಸೆಯಬೇಡ, ಅದರ ಮುಂದಿನ ಜಾಗ ನೋಡಿ ಎಸೆ, ಉಳಿದ ದಾರಿಯನ್ನು ಅದೇ ಜಾರಿಕೊಂಡು ಹೋಗುತ್ತದೆ ಅಂದಳು. ನನ್ನ ಮೊದಲ ಚೀಲ ಬೋರ್ಡನ್ನು ಮುಟ್ಟಲೇ ಇಲ್ಲ. ಎರಡನೆಯದು ಅಜ್ಜನ ಮೊಣಕಾಲಿಗೆ ತಾಗಿತು.

ನಡುವೆ ಅಜ್ಜಿ ಮಕ್ಕಳೆಷ್ಟು ಎಂದು ಕೇಳಿದಳು. ಒಬ್ಬಳಿದ್ದಳು ಅಂದೆ. ಇಂಗ್ಲಿಷಿನಲ್ಲಿ ಹೇಳುವುದು ಸುಲಭವಾಯಿತು, ಪಾಠದ ವಾಕ್ಯ ಒಪ್ಪಿಸಿದ ಹಾಗೆ. ಅವಳು ನನ್ನ ಹೆಬ್ಬೆರಳನ್ನು ಚೀಲದ ಮೇಲೆ ಸರಿಯಾಗಿ ಇಟ್ಟು, ಇನ್ನೊಮ್ಮೆ ಅಂದಳು.

ಅಂಕದ ಲೆಕ್ಕ ಹೀಗೆ. ಬೋರ್ಡಿನ ಮೇಲೆ ಉಳಿದರೆ ಒಂದು, ತೂತಿಗೆ ಬಿದ್ದರೆ ಮೂರು. ಒಂದು ಸುತ್ತಿನಲ್ಲಿ ಇಬ್ಬರಿಗೂ ಅಂಕ ಬಂದರೆ ಒಬ್ಬರದ್ದರಲ್ಲಿ ಇನ್ನೊಬ್ಬರದ್ದು ಕಳೆಯಬೇಕು, ಉಳಿದದ್ದು ಮಾತ್ರ ಸಿಗುವುದು. ಸಮ ಬಂದರೆ ಇಬ್ಬರಿಗೂ ಸೊನ್ನೆ. ಇಪ್ಪತ್ತೊಂದು ಆದವರು ಗೆದ್ದರು. ನಾಲ್ಕು ಜನ ಆಡುವಾಗ ಜೊತೆಗಾರರು ಎದುರುಬದುರು ತುದಿಯಲ್ಲಿ ನಿಲ್ಲುತ್ತಾರೆ. ಹಾಗಾಗಿ ನಾನು ಮನೆಯ ಕಡೆ ಅಜ್ಜಿಯ ಪಕ್ಕ, ನನ್ನ ಗಂಡ ಕಾಫಿಗಿಡಗಳ ಕಡೆ ಅಜ್ಜನ ಪಕ್ಕ. ಉಳಿದ ದಿನವೆಲ್ಲ ಸಂಜೆ ನಾಲ್ಕಕ್ಕೆ ಆಡಿದೆವು. ಒಮ್ಮೆಯೂ ಗೆಲ್ಲಲಿಲ್ಲ. ಬೇಸರವೂ ಆಗಲಿಲ್ಲ.

ಅವರು ಹೋದ ಮಾರನೆಯ ದಿನ ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೊರಟಿದ್ದೆ. ನನ್ನ ಗಂಡ ಲಾನಿಗೆ ಇಳಿದು ತಮ್ಮ ಹಳೆಯ ಜಾಗದಲ್ಲಿ ಹೋಗಿ ನಿಂತರು. ಕರೆಯಲಿಲ್ಲ. ನಾನೂ ಇಳಿದು ನನ್ನ ಜಾಗದಲ್ಲಿ ನಿಂತೆ. ಅವರು ನಾಲ್ಕು ಕೆಂಪು ಎಸೆದರು, ನಾನು ನಾಲ್ಕು ನೀಲಿ ಎಸೆದೆ. ಅವರ ಕೆಂಪು ನನ್ನ ಕಾಲಬುಡದಲ್ಲಿ, ನನ್ನ ನೀಲಿ ಅವರ ಕಾಲಬುಡದಲ್ಲಿ. ಹೆಕ್ಕಿದೆವು. ಮುಂದಿನ ಸುತ್ತಿಗೆ ಕೆಂಪು ನನ್ನದು, ನೀಲಿ ಅವರದು. ಯಾರೂ ಯಾರ ಹತ್ತಿರವೂ ನಡೆದು ಹೋಗಬೇಕಿಲ್ಲ. ನಮಗೆಂದೇ ಹೇಳಿ ಮಾಡಿಸಿದ ಆಟ.

ಹೀಗೆ ಎರಡು ವರ್ಷ ಆಡಿದೆವು. ಮಳೆಗಾಲದಲ್ಲಿ ಬೋರ್ಡುಗಳು ಗೋಡೌನಿಗೆ, ಚೀಲಗಳು ಒಲೆಯ ಮೇಲಿನ ಅಟ್ಟಕ್ಕೆ. ಇಲ್ಲದಿದ್ದರೆ ಚೆರಿ ತೇವ ಹೀರಿ ಬೂಷ್ಟು ಹಿಡಿಯುತ್ತಿತ್ತು. ಬಿಸಿಲು ಬಂದ ಮೇಲೆ ಮತ್ತೆ ನಾಲ್ಕು ಗಂಟೆಗೆ ಶುರು. ನಾನು ಚೆನ್ನಾಗಿ ಎಸೆಯುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ನಾಲ್ಕರಲ್ಲಿ ಎರಡು ತೂತಿಗೆ ಬೀಳುತ್ತಿದ್ದವು. "ಒಂದು." "ಮೂರು." "ಹೊರಗೆ." ಅಷ್ಟೇ ಮಾತು. ಅಷ್ಟು ದೂರದಿಂದ ಅವರ ಮುಖ ಮುಖದ ಹಾಗೆ ಕಾಣುತ್ತಿತ್ತು, ಅದರ ಮೇಲೆ ಏನಿದೆ ಎಂದು ಕಾಣುತ್ತಿರಲಿಲ್ಲ. ನಾನು ನೋಡಬೇಕಾದದ್ದೂ ಮುಖವನ್ನಲ್ಲ, ಕಾಲ ಹತ್ತಿರದ ತೂತನ್ನು. ಮನೆಗೆ ಬಂದ ನೆಂಟರೊಬ್ಬರು, ಈ ವಯಸ್ಸಿನಲ್ಲೂ ಗಂಡಹೆಂಡತಿ ಎಷ್ಟು ಅನ್ಯೋನ್ಯ ಎಂದು ಹೊಗಳಿ ಹೋದರು. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳುತ್ತಾರಾ?

ಆಮೇಲೆ ಒಂದು ಜನವರಿಯಲ್ಲಿ ಅಜ್ಜಿಯ ಕಾಗದ ಬಂತು. ಜಗಲಿಯಲ್ಲಿ ಕೂತು ಗಂಡನಿಗೆ ಓದಿ ಹೇಳಿದೆ. ಮಂಡಿನೋವು, ಹಿಮ, ನಮ್ಮ ರೊಟ್ಟಿಯ ನೆನಪು. ಜೊತೆಗೆ ಒಂದು ಫೋಟೋ. ಅವರ ಮನೆಯ ಹಿತ್ತಲಿನಲ್ಲಿ ಇಬ್ಬರೂ ಒಂದೇ ಬೋರ್ಡಿನ ಆಚೆ ಬದಿ ಒಬ್ಬರು, ಈಚೆ ಬದಿ ಒಬ್ಬರು ನಿಂತಿದ್ದಾರೆ. ಅಜ್ಜಿ ಬರೆದಿದ್ದಳು: ಈಗ ನಾವಿಬ್ಬರೇ ಆಡುತ್ತೇವೆ, ಇಬ್ಬರೇ ಆಡುವಾಗ ಒಂದೇ ತುದಿಯಲ್ಲಿ ನಿಂತು ಎಸೆದು, ಚೀಲ ಹೆಕ್ಕಲು ಒಟ್ಟಿಗೆ ಆ ತುದಿಗೆ ನಡೆಯಬೇಕಲ್ಲ, ನಿಮಗೆ ಗೊತ್ತೇ ಇದೆ, ಡಾಕ್ಟರು ಇವನಿಗೆ ಅಷ್ಟು ನಡೆಯಲು ಮಾತ್ರ ಬಿಟ್ಟಿದ್ದಾರೆ.

ನಮಗೆ ಗೊತ್ತಿರಲಿಲ್ಲ. ಅವರಿದ್ದಾಗ ಯಾವಾಗಲೂ ನಾಲ್ಕು ಜನ ಆಡಿದ್ದೆವು, ಹಾಗಾಗಿ ಇಬ್ಬರ ನಿಯಮ ಹೇಳಿಕೊಡುವ ಪ್ರಮೇಯವೇ ಬಂದಿರಲಿಲ್ಲ.

ನನ್ನ ಗಂಡ ಫೋಟೋ ತೆಗೆದುಕೊಂಡು ನೋಡಿದರು. "ಹಂಗಾರೆ ಇಷ್ಟು ದಿನ ಆಡಿದ್ದು ತಪ್ಪಾ?"

"ತಪ್ಪೇ ಅಂತ ಕಾಣ್ತದೆ."

"ತಪ್ಪು ಅಂತ ಗೊತ್ತಾದ್ಮೇಲೆ ಸರಿಯಾಗೇ ಆಡ್ಬೇಕು," ಅಂದರು. ತೋಟದಲ್ಲೂ ಅವರು ಹಾಗೇ. ನಿಯಮ ಅಂದರೆ ನಿಯಮ.

ಆ ದಿನ ನಾಲ್ಕು ಗಂಟೆಗೆ ಅವರು ನನ್ನ ತುದಿಗೆ ಬಂದು ಬೋರ್ಡಿನ ಆಚೆ ಬದಿಗೆ ನಿಂತರು. ನಮ್ಮ ನಡುವೆ ಎರಡಡಿ. ಅವರು ಕೆಂಪು ಚೀಲ ಎತ್ತಿದಾಗ ಕೈ ನಡುಗುತ್ತಿದ್ದದ್ದು ಕಂಡಿತು. ಇದು ಯಾವಾಗಿನಿಂದ ಎಂದು ನನಗೆ ಗೊತ್ತಿರಲಿಲ್ಲ. ದಿನಾ ಊಟ ಬಡಿಸುವವಳು ನಾನೇ, ಆದರೆ ನಾನು ತಟ್ಟೆ ನೋಡುತ್ತಿದ್ದೆ. ಕಿವಿಯ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಎಸೆದರು, ಹೊರಗೆ ಹೋಯಿತು. ನಾನು ಒಂದು ಎಸೆದೆ, ಬೋರ್ಡಿನ ಮೇಲೆ ನಿಂತಿತು. ಅವರು ಎರಡನೆಯದನ್ನು ಎತ್ತಿದರು, ಎಸೆಯಲಿಲ್ಲ. ಎದುರಿನ ಬೋರ್ಡನ್ನೇ ನೋಡುತ್ತ ಹೇಳಿದರು.

"ಅವತ್ತೇ ಹೊರಡ್ಬೇಕಿತ್ತು."

ಯಾವತ್ತು ಎಂದು ನಾನು ಕೇಳಲಿಲ್ಲ. "ನಾನೂ ಆಯ್ತು ಅಂದಿದ್ದೆ," ಅಂದೆ. ಎಂಟು ವರ್ಷ ಒಳಗಿದ್ದ ಮಾತು, ಹೊರಗೆ ಬಂದಾಗ ಇಷ್ಟೇ ಇತ್ತು.

ಅವರು ತಿರುಗಿ ನನ್ನನ್ನು ನೋಡಿದರು. "ನೀನು ಆಯ್ತು ಅಂದಿದ್ದು ನಂಗೆ ನೆನಪೇ ಇಲ್ಲ. ನೀನು ಬಂದು ಕೇಳ್ದೆ, ನಾನು ನಾಳೆ ಅಂದೆ. ನನ್ನ ತಲೇಲಿ ಇರದು ಅಷ್ಟೇ. ನೀನು ಅದಕ್ಕೇ ಮಾತಾಡದಿಲ್ಲ ಅಂದ್ಕಂಡಿದ್ದೆ."

ಆಟದಲ್ಲಾದರೆ ಅವರದ್ದೊಂದು ನನ್ನದೊಂದು ಕಳೆದು ಸೊನ್ನೆಯಾಗುತ್ತಿತ್ತು. ಇಲ್ಲಿ ಏನೂ ಕಳೆಯಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಾರೆ. ಎಂಟು ವರ್ಷ ನಾನು ದಿನಾ ಕೇಳಿಸಿಕೊಂಡ ಮಾತು ಅವರಿಗೆ ನೆನಪೂ ಇಲ್ಲ. ಅವರು ಹೊತ್ತದ್ದು ಬೇರೆಯೇ. ಇಪ್ಪತ್ತೇಳು ಅಡಿಯ ಎರಡು ತುದಿಯಲ್ಲಿ ನಿಂತು, ಒಬ್ಬರು ಇನ್ನೊಬ್ಬರಿಂದ ತಪ್ಪು ಹೊರಿಸಿಕೊಂಡವರ ಹಾಗೆ ಬದುಕಿದ್ದೆವು, ಯಾರೂ ಹೊರಿಸಿರಲೇ ಇಲ್ಲ. ಕೈಯಲ್ಲಿದ್ದ ನೀಲಿ ಚೀಲವನ್ನು ಎಸೆದೆ. ಎಡಗಾಲೂ ಇಲ್ಲ, ಹೆಬ್ಬೆರಳೂ ಇಲ್ಲ, ಕೈ ತಲೆಯ ಮೇಲೆತ್ತಿ ಇದ್ದ ಬಲವನ್ನೆಲ್ಲ ಹಾಕಿ ಎಸೆದೆ. ಅದು ಬೋರ್ಡಿನ ಮೇಲಿಂದ ಹಾರಿ ಆಚೆ ಕಾಫಿಗಿಡಗಳೊಳಗೆ ಬಿತ್ತು.

"ಹೊರಗೆ," ಅಂದರು ಅವರು, ಅಭ್ಯಾಸಬಲದಿಂದ.

ಹುಡುಕಲು ಇಬ್ಬರೂ ಹೊರಟೆವು. ಲಾನಿನ ನಡುವೆ, ಮಗಳನ್ನು ಮಲಗಿಸಿದ್ದ ಜಾಗದ ಮೇಲೆಯೇ ದಾರಿ. ಅಲ್ಲಿಗೆ ಬಂದಾಗ ಇಬ್ಬರೂ ನಿಧಾನ ಮಾಡಿದೆವು, ನಿಲ್ಲಲಿಲ್ಲ. ಚೀಲ ಒಂದು ಹಳೆಯ ಗಿಡದ ಬುಡದಲ್ಲಿ ತರಗೆಲೆಯ ಮೇಲೆ ಬಿದ್ದಿತ್ತು. ಹೊಲಿಗೆ ಬಿಟ್ಟು ಚೆರಿ ಚೆಲ್ಲಿತ್ತು. ಆ ಗಿಡದ ರೆಂಬೆಗಳು ನೆಲದವರೆಗೂ ಇಳಿದಿದ್ದವು. ಅವರು ಒಂದನ್ನು ಎತ್ತಿ ಹಿಡಿದರು. ನಾನು ಅದರಡಿ ಬಗ್ಗಿ, ಮಂಡಿಯೂರಿ, ಚೆಲ್ಲಿದ್ದನ್ನು ಬೊಗಸೆಗೆ ಹೆಕ್ಕತೊಡಗಿದೆ. ನಾಲ್ಕೈದು ಹೆಕ್ಕಿರಬಹುದು. ಆಮೇಲೆ ಆಗಲಿಲ್ಲ. ಅಲ್ಲೇ ತರಗೆಲೆಯ ಮೇಲೆ ಕೂತು ಅತ್ತೆ, ಎಂಟು ವರ್ಷದ ಹಿಂದೆ ನೆಂಟರೆಲ್ಲ ಕಾದಿದ್ದ ಹಾಗೆ, ಬಾಯಿ ಬಿಟ್ಟು, ತೋಟದ ಆಳುಗಳಿಗೆ ಕೇಳುವ ಹಾಗೆ.

ಅವರು ಸಮಾಧಾನ ಹೇಳಲಿಲ್ಲ, ಹತ್ತಿರ ಬರಲಿಲ್ಲ. ನಾನು ಏಳುವ ತನಕ ಆ ನಡುಗುವ ಕೈಯಲ್ಲೇ ರೆಂಬೆಯನ್ನು ಎತ್ತಿ ಹಿಡಿದುಕೊಂಡು ನಿಂತಿದ್ದರು.